ಮದ್ದೂರು ಬೈಪಾಸ್ ಮ್ಯಾಪಿಂಗ್: ಹಳೇ ಚಿತ್ರಗಳ ನಡುವೆ ಕೆಲಸ ಎಲ್ಲಿಗೆ ಬಂತು

ಮದ್ದೂರಿನ ಸುತ್ತ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್ ಸರಿಮಾಡುವ ಕೆಲಸ ಈ ತಿಂಗಳು ಒಂದು ಹಂತಕ್ಕೆ ಬಂತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬೈಪಾಸ್ ಗೆರೆ ಮ್ಯಾಪಿನಲ್ಲಿ ಮೊದಲೇ ಇತ್ತು. ನನಗೆ ಉಳಿದಿದ್ದು ಸರ್ವಿಸ್ ರಸ್ತೆ, ಅಂಡರ್‌ಪಾಸ್, ಅಂಚಿನ ಕಟ್ಟಡಗಳು. ತಲೆನೋವು ಇರುವುದೇ ಅಲ್ಲಿ. ಎಡಿಟರಿನಲ್ಲಿ ಒಂದು ವೈಮಾನಿಕ ಚಿತ್ರ ಹಾಕಿದರೆ ರಸ್ತೆ ಇದೆ, ಇನ್ನೊಂದು ಹಾಕಿದರೆ ಅದೇ ಜಾಗ ಇನ್ನೂ ಗದ್ದೆ!

ಹಾಗಾಗಿ ಮೊದಲು ಚಿತ್ರದ ವಯಸ್ಸು ನೋಡಿಕೊಳ್ಳುತ್ತೇನೆ. ಬ್ರೌಸರಿನಲ್ಲೇ ಮ್ಯಾಪ್ ತಿದ್ದುವ ಐಡಿ ಎಡಿಟರಿನ ಹಿನ್ನೆಲೆ ಮಾಹಿತಿಯಲ್ಲಿ ಕೆಲವು ಚಿತ್ರಗಳ ದಿನಾಂಕ ಸಿಗುತ್ತದೆ. ಹಳೇ ಚಿತ್ರಗಳ ಸಂಗ್ರಹವಾದ ಎಸ್ರಿ ವೇಬ್ಯಾಕ್‌ನಲ್ಲಿ 2014ರಿಂದ ಈಚಿನ ಆವೃತ್ತಿಗಳಿವೆ. ಆದರೆ ಅಲ್ಲಿ ಮೇಲೆ ಕಾಣುವುದು ಬಿಡುಗಡೆಯಾದ ದಿನ, ಫೋಟೋ ತೆಗೆದ ದಿನ ಅಲ್ಲ. ಎರಡರ ನಡುವೆ ವರ್ಷಗಳ ಅಂತರ ಇರಬಹುದು. ಅನುಮಾನ ಬಂದರೆ ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಚಿತ್ರ ತೆರೆಯುತ್ತೇನೆ. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್, ಸರ್ವಿಸ್ ರಸ್ತೆ ಬಿಡಿಸಲು ಏನೇನೂ ಸಾಲದು. ಆದರೆ ಗದ್ದೆ ಯಾವಾಗ ಮಣ್ಣಿನ ದಿಬ್ಬ ಆಯಿತು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಬರೀ ಮೋಡ, ಜನವರಿ–ಫೆಬ್ರವರಿಯ ಚಿತ್ರಗಳೇ ವಾಸಿ.

ಜಾಸ್ತಿ ಹೊತ್ತು ತಗೊಂಡಿದ್ದು ರಸ್ತೆಗಾಗಿ ಕೆಡವಿದ ಅಂಗಡಿ ಸಾಲು. ಸ್ಥಳ ನೋಡಿ ಬಂದು ನಾನು ಅಳಿಸಿದ್ದೆ. ಆಮೇಲೆ ಯಾರೋ ಮತ್ತೆ ಬಿಡಿಸಿದ್ದರು. ಅವರದೇನೂ ತಪ್ಪಿಲ್ಲ, ಅವರ ಚಿತ್ರದಲ್ಲಿ ಆ ತಗಡಿನ ಚಾವಣಿಗಳು ಬಿಸಿಲಿಗೆ ಹೊಳೆಯುತ್ತಾ ಇವೆ. ಸುಮ್ನೆ ಅಳಿಸಿದರೆ ಮುಂದಿನವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಈಗ ಆ ಆಕಾರಗಳನ್ನು ಉಳಿಸಿ, ಅದು ಕಟ್ಟಡ ಅಂತ ಹೇಳುವ ಬಿಲ್ಡಿಂಗ್ ಟ್ಯಾಗಿನ (ಗುರುತುಪದ) ಮುಂದೆ ‘ಡೆಮಾಲಿಶ್ಡ್’ (ಕೆಡವಿದ್ದು) ಸೇರಿಸಿದ್ದೇನೆ. ಮ್ಯಾಪಿನಲ್ಲಿ ಕಟ್ಟಡ ಕಾಣುವುದಿಲ್ಲ, ಎಡಿಟರ್ ತೆರೆದವರಿಗೆ ಮಾತ್ರ ಕಾಣುತ್ತದೆ. ನೋಟ್‌ನಲ್ಲಿ ‘ಸ್ಥಳದಲ್ಲಿ ನೋಡಿದ್ದು, ಇಮೇಜರಿ ಹಳೆಯದು’ ಅಂತ ತಿಂಗಳು, ವರ್ಷದ ಸಮೇತ ಬರೆದಿದ್ದೇನೆ. ಮತ್ತೆ ಬಿಡಿಸಿದವರಿಗೂ ಚೇಂಜ್‌ಸೆಟ್‌ನಲ್ಲಿ (ಒಮ್ಮೆಗೆ ಉಳಿಸಿದ ತಿದ್ದುಪಡಿಗಳ ದಾಖಲೆ) ವಿಷಯ ತಿಳಿಸಿದೆ. ಹೊಸ ಚಿತ್ರ ಬಂದ ಮೇಲೆ ಪೂರ್ತಿ ತೆಗೆದರಾಯಿತು.

ಸರ್ವಿಸ್ ರಸ್ತೆಯನ್ನು ಬೈಕಿನಲ್ಲಿ ಓಡಾಡಿ ದಾಖಲಿಸಿದ ಜಿಪಿಎಸ್ ಜಾಡಿನ ಮೇಲೆ ಬಿಡಿಸಿದೆ. ಚಿತ್ರ ಪಕ್ಕಕ್ಕೆ ಸರಿದಿದ್ದ ಕಡೆ ಅದನ್ನೇ ಜಾಡಿಗೆ ಹೊಂದಿಸಿಕೊಂಡೆ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಎಷ್ಟೇ ಹೊಸ ಚಿತ್ರ ಬಂದರೂ ಇದು ಮೇಲಿಂದ ಕಾಣುವ ವಿಷಯವಲ್ಲ. ಬೈಕಿನವರಿಗೆ ದಾರಿ ತೋರಿಸುವ ಆ್ಯಪ್ ತಪ್ಪಬಾರದು ಅಂತ ಆ ಟ್ಯಾಗುಗಳನ್ನೂ ಪರಿಶೀಲಿಸಿದೆ.

ಮುಂದಿನ ಕೆಲಸ ಅಂಡರ್‌ಪಾಸುಗಳ ಎತ್ತರದ ಬೋರ್ಡು. ಆ ಕಡೆ ಓಡಾಡುವವರು ಫೋಟೋ ತೆಗೆದು ಕಳಿಸಿದರೆ ತುಂಬಾ ಉಪಕಾರ.