ಕತ್ತರಿಸಿದ ಕಾಗದದಿಂದ ಆರು ದಿನಗಳ ಗಡುವಿನವರೆಗೆ

1997ರ ಆಗಸ್ಟ್‌ನಲ್ಲಿ ಅಮೆರಿಕದ ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ ಆರಂಭವಾದ ‘ಸೌತ್ ಪಾರ್ಕ್’ ಎಂಬ ಆನಿಮೇಷನ್ ಹಾಸ್ಯ ಸರಣಿಯ ಮೊದಲ ಕಂತನ್ನು ಅದರ ಸೃಷ್ಟಿಕರ್ತರಾದ ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಬಣ್ಣದ ಕಾಗದವನ್ನು ಕತ್ತರಿಸಿ, ಇಷ್ಟಿಷ್ಟೇ ಸರಿಸುತ್ತ ಚಿತ್ರೀಕರಿಸಿದ್ದರು; ಅದಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು. ಕೊಲರಾಡೊದ ಪುಟ್ಟ ಊರೊಂದರ ನಾಲ್ವರು ಹುಡುಗರ ಬೈಗುಳವೇ ಆಗ ಅದರ ಮುಖ್ಯ ಆಕರ್ಷಣೆಯಾಗಿತ್ತು (ನಾನೂ ಮೊದಲು ನಕ್ಕದ್ದು ಅದಕ್ಕೇ).

ಕೆಲಸ ಕಂಪ್ಯೂಟರಿಗೆ ಬದಲಾದರೂ ಕಾಗದದ ಗೊಂಬೆಗಳ ಒರಟು ರೂಪವನ್ನು ಬೇಕೆಂದೇ ಉಳಿಸಿಕೊಳ್ಳಲಾಯಿತು, ಬದಲಾದದ್ದು ವೇಗ. ಒಂದು ಕಂತನ್ನು ಆರೇ ದಿನಗಳಲ್ಲಿ ಬರೆದು, ಧ್ವನಿ ನೀಡಿ, ಮುಗಿಸುವ ಪದ್ಧತಿ ಬೆಳೆದದ್ದರಿಂದ ಆಯಾ ವಾರದ ಸುದ್ದಿಯೇ ಕಥಾವಸ್ತುವಾಗತೊಡಗಿತು. 2013ರಲ್ಲಿ ಸ್ಟುಡಿಯೋದ ವಿದ್ಯುತ್ ಕೈಕೊಟ್ಟು ಮೊದಲ ಬಾರಿಗೆ ಗಡುವು ತಪ್ಪಿತು. 2016ರಲ್ಲಂತೂ ಅಧ್ಯಕ್ಷೀಯ ಚುನಾವಣೆಯ ಮರುದಿನ ಪ್ರಸಾರವಾಗಬೇಕಿದ್ದ ಕಂತನ್ನು, ಟ್ರಂಪ್ ಗೆದ್ದದ್ದರಿಂದ, ಅವಸರದಲ್ಲಿ ತಿದ್ದಿ ಬರೆಯಬೇಕಾಯಿತು.

ಆ ವರ್ಷ ಇಡೀ ಸೀಸನ್ ಒಂದೇ ಕಥೆಯಾಗಿ ಸಾಗುತ್ತಿತ್ತು. ನನ್ನ ಮಟ್ಟಿಗೆ ಆ ಪ್ರಯೋಗ ಸೋತಿತು. ಮುಂದಿನ ವಾರಕ್ಕೆ ಕಥೆಯನ್ನು ಎಳೆದೊಯ್ಯುವ ಭಾರದಲ್ಲಿ ವಿಡಂಬನೆ ಮೊಂಡಾಯಿತು. ಮಕ್ಕಳಿಗಿಂತ, ಅವರಲ್ಲೊಬ್ಬನಾದ ಸ್ಟ್ಯಾನ್‌ನ ಅಪ್ಪ ರ‍್ಯಾಂಡಿಯೇ ಕ್ರಮೇಣ ಮುಂದೆ ಬಂದದ್ದು ಮಾತ್ರ ನನಗೆ ಬಹಳ ಹಿಡಿಸಿದ ಬದಲಾವಣೆ.