ತಾತನ ಸೈಟಿನ ನೀಲಿ ಗೆರೆ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಒಂಬತ್ತು ವರ್ಷದ ಮಗಳು ಫೋನ್ ಹಿಡಿದುಕೊಂಡು, ಬಾಸ್ಟನ್ನಿನ ಪಶ್ಚಿಮಕ್ಕಿರುವ ಈ ಊರಿನಲ್ಲಿ ನಾವು ಕೊಂಡಿರುವ ಅರ್ಧ ಎಕರೆ ನಿವೇಶನವನ್ನು ಬೆಂಗಳೂರಿನ ತನ್ನ ತಾತನಿಗೆ ತೋರಿಸುತ್ತಿದ್ದಳು. ಹಿಂಬದಿಯ ಮೇಪಲ್ ಮರಗಳ ನಡುವೆ ಸಾಲಾಗಿ ಕಟ್ಟಿದ್ದ ನೀಲಿ ಬಾವುಟಗಳನ್ನು ಕಂಡ ಅಪ್ಪ, "ಅದೇನು ಪುಟ್ಟಿ, ಏನಾದರೂ ಹಬ್ಬವಾ?" ಎಂದು ಕೇಳಿದರು.

"ಇಲ್ಲ ತಾತ, ಅಲ್ಲಿಂದ ಆಚೆ ನೀರಿನ ಜಾಗ, ಮನೆ ಕಟ್ಟೋ ಹಾಗಿಲ್ಲ" ಎಂದವಳು ಒಂದು ಕ್ಷಣ ಬಿಟ್ಟು, "ನಿಮ್ಮ ಮನೆಯೊಳಗೆ ನೀರು ಬಂದಿತ್ತಲ್ಲ, ನಿಮ್ಮ ಸೈಟಲ್ಲಿ ಬಾವುಟ ಎಲ್ಲಿ ಕಟ್ಟಿದ್ದರು?" ಎಂದಳು.

ಅಪ್ಪ ಉತ್ತರ ಕೊಡಲಿಲ್ಲ. ಆಮೇಲೆ ಮಾತಾಡುತ್ತೇನೆಂದು ಫೋನ್ ಇಟ್ಟರು.

ಆ ಬಾವುಟಗಳ ಮೇಲೆ ನನಗೂ ಮೊದಲು ಸಿಟ್ಟಿತ್ತು. ಆಗಸ್ಟಿನಲ್ಲಿ ನಾವು ನೋಡಿದಾಗ ನೆಲ ಪೂರ್ತಿ ಒಣಗಿತ್ತು; ಜೌಗು ಎನ್ನುವುದಕ್ಕೆ ಯಾವ ಗುರುತೂ ಕಂಡಿರಲಿಲ್ಲ. ಅಳತೆಗೆಂದು ಬಂದ ತಜ್ಞೆ ಕೈಬೈರಿಗೆಯಿಂದ ಮಣ್ಣು ತೆಗೆದು, ಬಣ್ಣದ ಚೀಟಿಗಳಿರುವ ಪುಸ್ತಕದ ಪಕ್ಕದಲ್ಲಿಟ್ಟು ತೋರಿಸಿದಾಗಲೇ ನನಗೆ ಅರ್ಥವಾದದ್ದು: ಬೂದು ಮಣ್ಣಿನ ನಡುವೆ ತುಕ್ಕಿನಂಥ ಚುಕ್ಕೆಗಳಿದ್ದರೆ ಅಲ್ಲಿ ವರ್ಷದ ಬಹಳ ದಿನ ನೀರು ನಿಂತಿರುತ್ತದೆ, ಮೇಲ್ಮೈ ಒಣಗಿದರೂ ಮಣ್ಣು ಅದನ್ನು ಮರೆಯುವುದಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ 1972ರ ಕಾನೂನಿನ ಪ್ರಕಾರ ಇಂಥ ಜೌಗಿನ ಅಂಚಿನಿಂದ 100 ಅಡಿಯೊಳಗೆ ಮನೆ ಕಟ್ಟುವಂಥ ಕೆಲಸಕ್ಕೆ ಊರಿನ ಸಂರಕ್ಷಣಾ ಸಮಿತಿಯ ಮುಂದೆ ಅರ್ಜಿ ಹಾಕಬೇಕು, ನೆರೆಯವರಿಗೆ ತಿಳಿವಳಿಕೆ ಪತ್ರ ಕಳಿಸಬೇಕು, ಬಹಿರಂಗ ವಿಚಾರಣೆಗೆ ನಿಲ್ಲಬೇಕು.

ಅದರ ಜೊತೆಗೆ ಈಸ್‌ಮೆಂಟ್, ಅಂದರೆ ನಮ್ಮ ನೆಲದ ಮೇಲೆ ಬೇರೆಯವರಿಗಿರುವ ಹಕ್ಕು. ಹಳೆಯ ನೋಂದಾಯಿತ ನಕ್ಷೆಯಲ್ಲಿ ಅಂಥವು ಎರಡಿದ್ದವು. ರಸ್ತೆಯ ಮಳೆನೀರನ್ನು ಜೌಗಿಗೆ ಒಯ್ಯುವ ಕೊಳವೆಗೆಂದು 20 ಅಡಿ ಅಗಲದ ಪಟ್ಟಿಯನ್ನು ಬಿಡಬೇಕಿತ್ತು. ಪಕ್ಕದ ವೃದ್ಧೆಗೆ ತಮ್ಮ ಹಿತ್ತಲಿಗೆ ಹೋಗಲು ನಮ್ಮ ನಿವೇಶನದ ಮೂಲಕ ದಾರಿಯ ಹಕ್ಕಿತ್ತು. ಆಕೆ ಒಪ್ಪಿ ರುಜು ಹಾಕಿದ ಮೇಲೆ ಆ ದಾರಿಯನ್ನು ಬೇಲಿಯ ಬದಿಗೆ ಸರಿಸಿದೆವು, ಆದರೆ ಕೊಳವೆಯ ಪಟ್ಟಿಯನ್ನು ಸರಿಸಲಾಗಲಿಲ್ಲ. ಮನೆಯ ನಕ್ಷೆ ಎರಡು ಸಲ ಬದಲಾಯಿತು, ಕಾರಿನ ಶೆಡ್ಡನ್ನು ಕೈಬಿಟ್ಟೆವು, ಎಂಟು ತಿಂಗಳು ಹೋದವು. ಸಮಿತಿಯ ಷರತ್ತುಗಳಿರುವ ಆದೇಶವನ್ನು ನೋಂದಣಿ ಕಚೇರಿಯಲ್ಲಿ ದಾಖಲಿಸುವವರೆಗೂ ಒಂದು ಗುದ್ದಲಿ ಮಣ್ಣನ್ನೂ ತೆಗೆಯುವಂತಿರಲಿಲ್ಲ. ಅಲ್ಲಿಯವರೆಗೆ ನನ್ನ ಸಿಟ್ಟೂ ಇಳಿದಿರಲಿಲ್ಲ. ಅದನ್ನು ಇಳಿಸಿದ್ದು ಮಗಳ ಪ್ರಶ್ನೆ.

1996ರಲ್ಲಿ ಅಪ್ಪ ಬೆಳ್ಳಂದೂರಿನ ಕಡೆ 30-40ರ ಸೈಟು ಕೊಂಡಾಗ ನನಗೆ ಹನ್ನೊಂದು ವರ್ಷ. ಸ್ಕೂಟರನ್ನು ದೂರದಲ್ಲೇ ನಿಲ್ಲಿಸಿ, ಒಂದು ಸಣ್ಣ ಹಳ್ಳವನ್ನು ದಾಟಿ ಹೋಗಿದ್ದೆವು. ನಾನು ಚಪ್ಪಲಿ ಕೈಯಲ್ಲಿ ಹಿಡಿದಿದ್ದೆ. "ಮಳೆಗಾಲದ ನೀರು ಸಾರ್, ಲೇಔಟ್ ಆದಮೇಲೆ ಇರಲ್ಲ" ಎಂದಿದ್ದರು ಮಾರಿದವರು. ಅಪ್ಪ ಅಜಾಗರೂಕರೇನಲ್ಲ. ಮೂಲಪತ್ರ, ಋಣಭಾರ ಪತ್ರ, ಕಂದಾಯದ ರಸೀದಿ ಎಲ್ಲವನ್ನೂ ವಕೀಲರಿಗೆ ತೋರಿಸಿಯೇ ಹಣ ಕೊಟ್ಟರು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ನಮ್ಮಲ್ಲಿ ಯಾರೂ ಕೇಳಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅದು ಮಂಡಿಯುದ್ದ ನಡುಮನೆಯಲ್ಲಿ ನಿಂತಿತು. ಅಮ್ಮನ ಹೊಲಿಗೆ ಯಂತ್ರವೂ ಮದುವೆಯ ಆಲ್ಬಮ್ಮೂ ಹಾಳಾದವು.

ಇಲ್ಲಿಯವರಿಗೆ ನೀರಿನ ಬಗ್ಗೆ ಹುಟ್ಟಿನಿಂದಲೇ ವಿವೇಕವಿದೆ ಎಂದು ನಾನು ಹೇಳಲಾರೆ. ಬಾಸ್ಟನ್ನಿನ ಶ್ರೀಮಂತ ಬಡಾವಣೆಯಾದ ಬ್ಯಾಕ್ ಬೇ ಹತ್ತೊಂಬತ್ತನೆಯ ಶತಮಾನದಲ್ಲಿ ಉಪ್ಪುನೀರಿನ ಜೌಗನ್ನು ಮಣ್ಣಿನಿಂದ ತುಂಬಿ ಮಾಡಿದ್ದು. ನಮ್ಮಲ್ಲಿಯೂ ತಿಳಿವಳಿಕೆಗೆ ಕೊರತೆಯಿರಲಿಲ್ಲ ಎಂಬುದೇ ನನ್ನ ಸಂಕಟ. ನಮ್ಮ ಗ್ರಾಮ ನಕಾಶೆಗಳಲ್ಲಿ ಹಳ್ಳ, ಕಾಲುವೆ, ಬಂಡಿದಾರಿ, ಕಾಲುದಾರಿ ಎಲ್ಲವೂ ಇವೆ. ಹಳ್ಳ ಮತ್ತು ದಾರಿಗಳ ನೆಲವನ್ನು ಬಿ ಖರಾಬು ಎಂದು ಸಾಗುವಳಿಯ ಲೆಕ್ಕದಿಂದ ಹೊರಗಿಟ್ಟವರು ನಮ್ಮವರೇ. ದಾರಿಯ ಹಕ್ಕಿನ ಕಾಯಿದೆ 1882ರಿಂದಲೂ ಇದೆ. ಬೆಂಗಳೂರಿನಲ್ಲಿ ಕೆರೆಯಂಚಿನಿಂದ 75 ಮೀಟರ್ ಬಿಡಬೇಕೆಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, ನಗರ ಯೋಜನೆಯನ್ನು ಬದಲಿಸುವ ಅಧಿಕಾರ ಅದಕ್ಕಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಮೀಟರುಗಳ ವಾದ ನಡೆಯುತ್ತಲೇ ಇರುತ್ತದೆ, ಆದರೆ ನಕಾಶೆಯ ಗೆರೆ ನೆಲಕ್ಕಿಳಿಯುವುದು ಗೃಹಪ್ರವೇಶವಾಗಿ ಎಷ್ಟೋ ವರ್ಷಗಳ ನಂತರ, ಒತ್ತುವರಿ ಒಡೆಯಲೆಂದು ಗೋಡೆಯ ಮೇಲೆ ಹಾಕುವ ಕೆಂಪು ಬಣ್ಣದ ಗುರುತಾಗಿ. ಇಲ್ಲಿ ಅದು ತಳಪಾಯಕ್ಕೆ ಮೊದಲೇ ಬಾವುಟವಾಗಿ ಬಂತು.

ಬುಧವಾರ ಅಪ್ಪನಿಂದ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ತಮ್ಮ ಗ್ರಾಮದ ನಕಾಶೆಯನ್ನು ಹುಡುಕಿ ತೆಗೆದು, ಹಳ್ಳದ ಗೆರೆಯ ಮೇಲೆ ನೀಲಿ ಪೆನ್ನಿನಿಂದ ತಿದ್ದಿದ್ದರು. ಕೆಳಗೆ, "ಪುಟ್ಟಿಗೆ ತೋರಿಸು. ಗೆರೆ ಇತ್ತು. ನಾನು ನೋಡಿರಲಿಲ್ಲ" ಎಂದು ಬರೆದಿದ್ದರು.

ಮಗಳು ಚಿತ್ರವನ್ನು ದೊಡ್ಡದು ಮಾಡಿ, ತಾತನ ಮನೆ ಎಲ್ಲಿದೆ ಎಂದು ಕೇಳಿದಳು. ನಾನು ಆ ಗೆರೆಯ ಮೇಲೆಯೇ ಬೆರಳಿಟ್ಟೆ.