ಮೇಲಕ್ಕೆ ಉರುಳುವ ಟಯರ್

ಶಿರಸಿ, 12 ಜನವರಿ 2025, ಭಾನುವಾರ, ರಾತ್ರಿ ಹತ್ತೂವರೆ

ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದ ಗೀಟುಗಳು ನಲವತ್ತೊಂದಾಗಿವೆ. ನೆಲದ ಮೇಲಿನ ಸಾಮಾನುಗಳು ಒಂದನ್ನೊಂದು ತಳ್ಳುತ್ತ ಸಾಲಿನ ಕೊನೆ ಮುಟ್ಟಬೇಕು, ಒಂದು ಯತ್ನಕ್ಕೆ ಒಂದು ಗೀಟು. ಐದೈದರ ಕಟ್ಟು ಮಾಡಿ ಎಣಿಸಿದವಳು ಮಗಳು. ಬೆಳಿಗ್ಗೆ ಏಳಕ್ಕೆ ಶುರುಮಾಡಿದ್ದೆವು. ಊಟಕ್ಕೆಂದು ಅರ್ಧ ತಾಸು ಮನೆಗೆ ಹೋಗಿ ಬಂದದ್ದು ಬಿಟ್ಟರೆ ಇಡೀ ದಿನ ನಾನು, ಮಗಳು ಮತ್ತು ಗ್ಯಾರೇಜಿನ ಹುಡುಗ ನೆಲದ ಮೇಲೆ ಮಂಡಿಯೂರಿಯೇ ಕಳೆದೆವು. ಈಗ ಮಂಡಿ ನೋಯುತ್ತಿದೆ, ನಿದ್ದೆ ಬರುತ್ತಿಲ್ಲ. ಅದಕ್ಕೇ ಬರೆಯಲು ಕುಳಿತೆ.

ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿದೆ. ಥರ್ಮಾಕೋಲಿನ ಜ್ವಾಲಾಮುಖಿ ಬೇಡ, ನಮ್ಮ ಗ್ಯಾರೇಜಿನ ಸಾಮಾನಿನಿಂದಲೇ ಏನಾದರೂ ಮಾಡಬೇಕು ಎಂದಳು. ನನಗೆ ತಟ್ಟನೆ ನೆನಪಾದದ್ದು ವರ್ಷಗಳ ಹಿಂದೆ ಗಿರಾಕಿಯೊಬ್ಬರು ಮೊಬೈಲಿನಲ್ಲಿ ತೋರಿಸಿದ್ದ ಕಾರಿನ ಜಾಹೀರಾತು. ಅಂದು ಅವರ ಗಾಡಿಯ ಆಯಿಲ್ ಬದಲಿಸುವುದನ್ನು ಅರ್ಧಕ್ಕೆ ಬಿಟ್ಟು ಅದನ್ನು ಮೂರು ಸಲ ನೋಡಿದ್ದೆ.

ಹೋಂಡಾ ಕಂಪನಿಯ ಅಕಾರ್ಡ್ ಕಾರಿಗಾಗಿ 2003ರಲ್ಲಿ ಮಾಡಿದ ಜಾಹೀರಾತು ಅದು. ಹೆಸರು ‘ಕಾಗ್’. ಲಂಡನ್ನಿನ ವೀಡನ್ ಕೆನಡಿ ಜಾಹೀರಾತು ಸಂಸ್ಥೆಗಾಗಿ ಫ್ರಾನ್ಸಿನ ನಿರ್ದೇಶಕ ಆಂಟ್ವಾನ್ ಬಾರ್ಡು ಜಾಕೆ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಚಿತ್ರೀಕರಿಸಿದ್ದು. ಕಾರಿನ ಜಾಹೀರಾತೆಂದರೆ ಘಟ್ಟದ ತಿರುವು, ಕಡಲ ದಂಡೆ, ನೀರು ಚಿಮ್ಮಿಸಿಕೊಂಡು ಹೋಗುವ ಗಾಡಿ ಎಂದೇ ನಾವು ನೋಡುತ್ತ ಬಂದವರು. ಇದರಲ್ಲಿ ಅದೊಂದೂ ಇಲ್ಲ. ಖಾಲಿ ಕೋಣೆ, ನೆಲದ ಮೇಲೆ ಬಿಚ್ಚಿಟ್ಟ ಕಾರಿನ ಭಾಗಗಳು. ಒಂದು ಸಣ್ಣ ಚಕ್ರ ಹಲಗೆಯ ಮೇಲೆ ಉರುಳಿ ಇನ್ನೊಂದಕ್ಕೆ ತಾಗುತ್ತದೆ, ಅದು ಮತ್ತೊಂದನ್ನು ತಳ್ಳುತ್ತದೆ. ಸೈಲೆನ್ಸರ್ ಉರುಳುತ್ತದೆ, ಬಿಡಿ ವೈಪರ್‌ಗಳು ನೆಲದ ಮೇಲೆ ಏಡಿಯ ಹಾಗೆ ತೆವಳುತ್ತವೆ. ಕೊನೆಗೆ ಕೀಲಿಯ ಗುಂಡಿ ಒತ್ತಲ್ಪಟ್ಟು ಹಿಂಬದಿಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಇಡೀ ಕಾರು ಟ್ರೇಲರಿನಿಂದ ಮೆಲ್ಲಗೆ ಇಳಿದು ಬಂದು ನಿಲ್ಲುತ್ತದೆ. ಎರಡು ನಿಮಿಷ. 2003ರ ಏಪ್ರಿಲ್ 6ರಂದು, ಬ್ರೆಜಿಲಿನ ಫಾರ್ಮುಲಾ ಒನ್ ರೇಸಿನ ಪ್ರಸಾರದ ನಡುವೆ, ಬ್ರಿಟನ್ನಿನ ಟಿ.ವಿ.ಯಲ್ಲಿ ಆ 120 ಸೆಕೆಂಡುಗಳನ್ನೂ ಮೊದಲ ಸಲ ತೋರಿಸಿದರು. ಕೊಂಡಿ ಕೊಂಡಿಯಾಗಿ ಸಾಗುವ ಆ ಓಟವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿದ್ದಲ್ಲ, ನಿಜವಾದ ಭಾಗಗಳನ್ನು ಜೋಡಿಸಿ, ನಿಜವಾಗಿಯೇ ಉರುಳಿಸಿದ್ದು.

ಮಗಳು ನೋಡಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ. “ಅಪ್ಪಾ, ಟಯರ್ ಏರು ಹಲಗೆಯ ಮೇಲೆ ಹತ್ತುವುದು ಹೇಗೆ?”

ಹೌದು, ಆ ಜಾಹೀರಾತಿನಲ್ಲಿ ಮೂರು ಟಯರುಗಳು ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ಯಾರೂ ಎಳೆಯುವುದಿಲ್ಲ, ದಾರ ಕಟ್ಟಿಲ್ಲ. ಗುಟ್ಟು ಒಳಗಿದೆ. ಟಯರಿನ ಒಳಗೆ ಒಂದು ಕಡೆ ನಟ್ಟು ಬೋಲ್ಟುಗಳ ಭಾರ ಇಟ್ಟಿದ್ದಾರೆ. ಆ ಭಾರ ನೆತ್ತಿಯ ಹತ್ತಿರ, ಏರಿನ ಕಡೆಗೆ ಇರುವಂತೆ ನಿಲ್ಲಿಸಿದರೆ ಒಂದು ಸಣ್ಣ ತಳ್ಳು ಸಾಕು. ಭಾರ ಕೆಳಗೆ ಬರಲು ಹವಣಿಸುತ್ತದೆ, ಅದು ಕೆಳಗೆ ಬರಬೇಕಾದರೆ ಟಯರ್ ಉರುಳಲೇಬೇಕು, ಉರುಳಿದರೆ ಏರನ್ನು ಹತ್ತಲೇಬೇಕು. ನೋಡುವವರಿಗೆ ಮೇಲಕ್ಕೆ ಹೋದಂತೆ ಕಾಣುತ್ತದೆ. ನಿಜವಾಗಿ ಒಳಗಿನ ಭಾರ ಬೀಳುತ್ತಿರುತ್ತದೆ.

ಇಪ್ಪತ್ತು ವರ್ಷಗಳಿಂದ ನಾನು ಚಕ್ರದ ತೂಕ ಸಮ ಮಾಡುತ್ತ ಬಂದವನು. ರಿಮ್ಮಿನ ಅಂಚಿಗೆ ಐದು ಗ್ರಾಂ, ಹತ್ತು ಗ್ರಾಂ ಸೀಸದ ತುಂಡು ಹೊಡೆದು, ಯಾವ ಕಡೆಯೂ ವಾಲದಂತೆ ಮಾಡುವುದಕ್ಕೇ ಗಿರಾಕಿಗಳು ದುಡ್ಡು ಕೊಡುತ್ತಾರೆ. ಇವತ್ತು ಅದೇ ಕೈಯಿಂದ ತೂಕ ಕೆಡಿಸಲು ಕುಳಿತೆ. ಸುಮಾರು ಏಳು ಕಿಲೋದ ಸವೆದ ಟಯರಿನ ಒಳಗೆ ಎರಡು ಕಿಲೋ ಹಳೆಯ ನಟ್ಟುಗಳನ್ನು ಟ್ಯೂಬಿನ ರಬ್ಬರಿನಲ್ಲಿ ಸುತ್ತಿ ಒಂದೇ ಕಡೆ ಕಟ್ಟಿದೆ. ಆರಡಿ ಉದ್ದದ ಹಲಸಿನ ಹಲಗೆ, ಒಂದು ತುದಿಯ ಕೆಳಗೆ ಮಲಗಿಸಿದ ಇಟ್ಟಿಗೆ. ಭಾರವನ್ನು ಸರಿಯಾಗಿ ನೆತ್ತಿಗೆ ತಂದು ಬಿಟ್ಟರೆ ಟಯರ್ ಹಿಂದಕ್ಕೇ ಉರುಳಿ ಬರುತ್ತಿತ್ತು. ನೆತ್ತಿಯಿಂದ ಮೂರು ಬೆರಳಿನಷ್ಟು ಏರಿನ ಕಡೆಗೆ ಸರಿಸಿದಾಗ ಒಂದು ಜಾಗ ಸಿಕ್ಕಿತು. ಅಲ್ಲಿ ಟಯರ್ ಸುಮ್ಮನೆ ನಿಲ್ಲುತ್ತದೆ. ಕೈ ತೆಗೆದರೂ ನಿಲ್ಲುತ್ತದೆ. ಮಗಳು ಉಸಿರು ಬಿಗಿಹಿಡಿದು ಕಿರುಬೆರಳಿನಿಂದ ಮುಟ್ಟಿದಳು. ಟಯರ್ ಒಂದು ಕ್ಷಣ ಯೋಚಿಸಿದಂತೆ ತಡೆದು, ಮೆಲ್ಲನೆ ಹೊರಟು, ಆಮೇಲೆ ರಭಸದಿಂದ ಮೂರಡಿ ಮೇಲಕ್ಕೆ ಹೋಗಿ ಎರಡನೆಯ ಟಯರಿಗೆ ಬಡಿಯಿತು. ನಮ್ಮ ಹುಡುಗ ಕೂಗಿದ ಕೂಗಿಗೆ ಹುಬ್ಬಳ್ಳಿ ರಸ್ತೆಯಲ್ಲಿ ಹೋಗುತ್ತಿದ್ದವರು ಒಳಗೆ ಇಣುಕಿದರು.

ಅದು ಹನ್ನೊಂದನೆಯ ಗೀಟು. ಆಗ ಮಧ್ಯಾಹ್ನದ ಬಿಸಿಲು. ಅದಕ್ಕೂ ಮುಂಚಿನ ಹತ್ತರಲ್ಲಿ ಬಹುಪಾಲು ಹಾಳಾದದ್ದು ಇಬ್ಬನಿಯಿಂದ ಎಂದು ಈಗ ಅನಿಸುತ್ತಿದೆ. ಜನವರಿಯ ಶಿರಸಿಯಲ್ಲಿ ಬೆಳಗಿನ ಹೊತ್ತು ತಗಡಿನ ಮಾಡಿನಿಂದ ಹನಿ ತೊಟ್ಟಿಕ್ಕುತ್ತಿರುತ್ತದೆ, ಹಲಗೆ ತೇವ, ರಬ್ಬರು ಅಂಟಿದಂತೆ. ಮೂರು ಗಂಟೆಗೆ ತಗಡು ಕಾದಾಗ ಬೇರೆಯದೇ ತಕರಾರು. ಬೆಳಿಗ್ಗೆ ಹೊಂದಿಸಿದ ಅಳತೆ ಒಂದೂ ನಿಲ್ಲಲಿಲ್ಲ. ಪ್ಯಾರಿಸ್ಸಿನವರಿಗೂ ಶಾಖ, ಧೂಳು ಇಂಥವೇ ಕಾಟ ಕೊಟ್ಟವಂತೆ. 606ನೆಯ ಯತ್ನದಲ್ಲಿ ಗೆದ್ದರು ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಮೊದಲೆಲ್ಲ ಆ ಸಂಖ್ಯೆ ಕೇಳಿ ಎಷ್ಟು ಸಲ ಬಿದ್ದಿರಬೇಕು ಎಂದುಕೊಳ್ಳುತ್ತಿದ್ದೆ. ಇವತ್ತು ಗೀಟು ಎಳೆಯುತ್ತ ಎಳೆಯುತ್ತ ಅದರ ಇನ್ನೊಂದು ಮುಖ ಕಂಡಿತು. ಬೀಳುವುದಕ್ಕೆ ಎರಡು ನಿಮಿಷವೂ ಬೇಡ. ಬಿದ್ದದ್ದನ್ನೆಲ್ಲ ಎತ್ತಿ, ಒರೆಸಿ, ಗುರುತಿನ ಮೇಲೆ ಮತ್ತೆ ಕೂರಿಸುವುದೇ ಕೆಲಸ. ನಮ್ಮದು ಬರೀ ಏಳು ಸಾಮಾನುಗಳ ಸಾಲು: ಬೇರಿಂಗು, ಪಾನಾ, ಎರಡು ಟಯರು, ಸೈಲೆನ್ಸರು, ಬ್ಯಾಟರಿಯ ತಂತಿ, ಹಳೆಯ ಜೀಪಿನ ಹಾರ್ನು. ಅಷ್ಟನ್ನೇ ಮರಳಿ ನಿಲ್ಲಿಸಲು ಒಮ್ಮೊಮ್ಮೆ ಹತ್ತು ನಿಮಿಷ ಹಿಡಿಯಿತು. ಪ್ಯಾರಿಸ್ಸಿನಲ್ಲಿ ಹೀಗೆ ಎತ್ತಿ ಕೂರಿಸಿದ ಕೈಗಳು ಯಾರವೋ ಗೊತ್ತಿಲ್ಲ. ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ, ವೇಷ ಕಟ್ಟುವ ಚೌಕಿಯೊಳಗೆ ಕಿರೀಟ ಕಟ್ಟುವವರು ರಂಗಸ್ಥಳಕ್ಕೆ ಬರುವುದಿಲ್ಲ, ಅವರು ಕಟ್ಟಿದ ಗಂಟು ಬೆಳಗಿನವರೆಗೂ ಸಡಿಲವಾಗುವುದಿಲ್ಲ. ನನಗೆ ಆ ಜಾಹೀರಾತಿನಲ್ಲಿ ಈಗ ಕಾಣುವುದು ಅಂಥ ಕೈಗಳೇ.

ಸಂಜೆ ಚಹಾ ಕುಡಿಯಲು ಬಂದ ಗೆಳೆಯನೊಬ್ಬ, ಅದರಲ್ಲಿ ನಡುವೆ ಒಂದು ಜೋಡಣೆ ಇದೆಯಂತಲ್ಲ, ಒಂದೇ ಹೊಡೆತಕ್ಕೆ ತೆಗೆದದ್ದಲ್ಲವಂತೆ ಎಂದ. ನಿಜ. ಇಡೀ ಸಾಲನ್ನು ಒಟ್ಟಿಗೆ ಹಾಸುವಷ್ಟು ಉದ್ದದ ಸ್ಟುಡಿಯೋ ಸಿಗದೆ, ಒಂದೊಂದು ನಿಮಿಷದ ಎರಡು ಭಾಗಗಳಾಗಿ ತೆಗೆದು, ಸೈಲೆನ್ಸರ್ ಉರುಳುವ ಜಾಗದಲ್ಲಿ ಸೇರಿಸಿದ್ದಾರೆ. ಅದನ್ನು ಮೋಸ ಎಂದು ನಾನು ಒಪ್ಪುವುದಿಲ್ಲ. ಒಂದು ನಿಮಿಷ ಹಳಿ ತಪ್ಪದೆ ಓಡಿಸಿದವರಿಗೆ ಇನ್ನೊಂದು ನಿಮಿಷದ ಹಕ್ಕಿದೆ. ಆರಡಿ ಹಲಗೆಯಲ್ಲೇ ದಿನ ಕಳೆದ ನಾನು ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ, ಅವನಿಗೂ ಹಾಗೆಯೇ ಹೇಳಿದೆ.

ಆ ಜಾಹೀರಾತಿನ ಕೊನೆಗೆ, ಎಲ್ಲವೂ ಸಲೀಸಾಗಿ ಕೆಲಸ ಮಾಡಿದರೆ ಎಷ್ಟು ಚೆಂದ ಅಲ್ಲವೇ ಎಂಬರ್ಥದ ಮಾತು ಬರುತ್ತದೆ. ಗ್ಯಾರೇಜಿಗೆ ಯಾರೂ ಸಲೀಸಾಗಿ ಓಡುವ ಕಾರು ತರುವುದಿಲ್ಲ. ಆದರೂ ಬ್ರೇಕ್ ಸರಿಮಾಡಿ ಒಪ್ಪಿಸಿದ ಗಾಡಿ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿತು ಎಂಬ ಫೋನ್ ಬಂದಾಗ ನನಗಾಗುವ ನೆಮ್ಮದಿಗೂ ಆ ಮಾತಿಗೂ ಬಹಳ ದೂರವಿಲ್ಲ.

ನಮ್ಮ ಸಾಲು ಇನ್ನೂ ಕೊನೆ ಮುಟ್ಟಿಲ್ಲ. ಮೂವತ್ತೆಂಟನೆಯ ಸಲ ಸೈಲೆನ್ಸರಿನವರೆಗೂ ಹೋಯಿತು. ಸೈಲೆನ್ಸರ್ ತಂತಿಗೆ ತಾಗುವ ಬದಲು ಒಂದು ಬೆರಳಿನಷ್ಟು ಪಕ್ಕಕ್ಕೆ ಹೊರಳಿ ಗೋಡೆಗೆ ಹೋಗಿ ನಿಂತಿತು. ರಸಮಟ್ಟ ಇಟ್ಟು ನೋಡಿದರೆ ಗ್ಯಾರೇಜಿನ ನೆಲವೇ ಆ ಕಡೆಗೆ ವಾಲಿದೆ. ಇಷ್ಟು ವರ್ಷ ಇದೇ ನೆಲದ ಮೇಲೆ ಜಾಕ್ ಹಾಕಿದ್ದೇನೆ, ನನಗೆ ಗೊತ್ತೇ ಇರಲಿಲ್ಲ. ತಗಡಿನ ಚೂರು ಕೊಟ್ಟು ಎತ್ತರಿಸಿದೆವು. ನಲವತ್ತು, ನಲವತ್ತೊಂದು ಎರಡೂ ಟಯರಿನಲ್ಲೇ ಹಾಳಾದವು, ಅಷ್ಟರಲ್ಲಿ ಎಂಟು ಗಂಟೆಯಾಗಿ ಮತ್ತೆ ತಂಪು ಇಳಿಯತೊಡಗಿತ್ತು. ಮಗಳು ಒಂದೊಂದು ಸಾಮಾನಿನ ಸುತ್ತಲೂ ನೆಲದ ಮೇಲೆ ಗೆರೆ ಎಳೆದು, ಯಾರೂ ತುಳಿಯಬಾರದೆಂದು ಹುಡುಗನಿಗೆ ಎರಡೆರಡು ಸಲ ಹೇಳಿ ಮನೆಗೆ ಬಂದಳು. ಈಗ ಅಂಗೈಯಲ್ಲಿ ಸೀಮೆಸುಣ್ಣದ ಬಿಳಿ ಹಾಗೆಯೇ ಇಟ್ಟುಕೊಂಡು ಮಲಗಿದ್ದಾಳೆ.

ನಾಳೆ ಎಂಟಕ್ಕೆ ಸಿದ್ದಾಪುರದಿಂದ ಒಂದು ಕಾರು ಕ್ಲಚ್ ಕೆಲಸಕ್ಕೆ ಬರಲಿದೆ. ಅದನ್ನು ಹೊರಗೆ ಮಾವಿನ ಮರದ ಕೆಳಗೇ ನಿಲ್ಲಿಸಿ ಬಿಚ್ಚುತ್ತೇನೆ.